ಮಗುವಿಗಾಗಿ ಅಕ್ಯುಪಂಕ್ಚರ್, ಮಾತ್ರೆ, ಐಯುಐ, ಐವಿಎಫ್: ಉತ್ತರ ಕನ್ನಡದ ದಂಪತಿಗಳು ಯಾವುದನ್ನು ಯಾವಾಗ ಆರಿಸಿಕೊಳ್ಳಬೇಕು?

ಮದುವೆಯಾಗಿ ಎರಡು ವರ್ಷ ಕಳೆದರೂ ಮಗುವಾಗದ ದಂಪತಿಗಳಿಗೆ ಶಿರಸಿ, ಕುಮಟಾ, ಕಾರವಾರದಂಥ ಊರುಗಳಲ್ಲಿ ಸಲಹೆಗೆ ಕೊರತೆಯಿಲ್ಲ. ಊಟದ ಪಂಕ್ತಿಯಲ್ಲಿ "ವಿಶೇಷ ಎಂತ ಇಲ್ಯನೇ ತಂಗಿ?" ಎಂದು ಕೇಳಿದವರೇ ಕೈ ತೊಳೆಯುವಷ್ಟರಲ್ಲಿ ಒಂದು ನಾಟಿ ಔಷಧಿಯ ಹೆಸರನ್ನೋ, ಹುಬ್ಬಳ್ಳಿಯ ಆಸ್ಪತ್ರೆಯೊಂದರ ಗುರುತನ್ನೋ, ಸೂಜಿ ಚುಚ್ಚಿಸಿಕೊಂಡ ಮೇಲೆ ಬಸಿರಾದವರ ಸುದ್ದಿಯನ್ನೋ ಹೇಳಿರುತ್ತಾರೆ. ಹೀಗೆ ಬಂದ ಸಲಹೆಗಳನ್ನು ಹೆಚ್ಚಿನವರು ಖರ್ಚಿನ ಲೆಕ್ಕದಲ್ಲಿ ಹೋಲಿಸುತ್ತಾರೆ. ಕಡಿಮೆ ಖರ್ಚಿನದನ್ನು ಮೊದಲು ಮಾಡಿ ನೋಡೋಣ, ಆಗದಿದ್ದರೆ ದೊಡ್ಡ ಆಸ್ಪತ್ರೆ ಇದ್ದೇ ಇದೆ ಎನ್ನುತ್ತಾರೆ. ನಾನು ಇಲ್ಲಿ ಅವುಗಳನ್ನು ತಿಂಗಳುಗಳ ಲೆಕ್ಕದಲ್ಲಿ ಹೋಲಿಸುತ್ತೇನೆ. ಹೆಣ್ಣಿನ ಅಂಡಾಣುಗಳ ಸಂಖ್ಯೆಯೂ ಗುಣಮಟ್ಟವೂ 35ರ ನಂತರ ವೇಗವಾಗಿ ಇಳಿಯುತ್ತವೆ. ಖರ್ಚಾದ ಹಣವನ್ನು ಮುಂದಿನ ಫಸಲಿನ ಅಡಿಕೆ ಮಾರಿ ತುಂಬಿಕೊಳ್ಳಬಹುದು, ಕಳೆದ ವರ್ಷವನ್ನು ತುಂಬಿಕೊಳ್ಳುವ ದಾರಿ ಇಲ್ಲ.

ಎಷ್ಟು ಕಾಯಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಎಲ್ಲೆಡೆ ಬಳಕೆಯಲ್ಲಿದೆ: ಗರ್ಭನಿರೋಧಕವಿಲ್ಲದೆ ನಿಯಮಿತವಾಗಿ ಕೂಡಿದ್ದೂ 12 ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ತಪಾಸಣೆ ಮಾಡಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು, 40 ದಾಟಿದ್ದರೆ ಕಾಯಲೇಬಾರದು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಹಿಂದೆ ಕ್ಷಯರೋಗವೋ ಹೊಟ್ಟೆಯ ಶಸ್ತ್ರಚಿಕಿತ್ಸೆಯೋ ಆಗಿದ್ದರೆ ವಯಸ್ಸು ಎಷ್ಟೇ ಇರಲಿ ತಡಮಾಡಬಾರದು. ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮಾತು ಸೇರಿಸಬೇಕಾಗುತ್ತದೆ. ಗಂಡ ಕೊಲ್ಲಿ ದೇಶದಲ್ಲಿದ್ದು ವರ್ಷಕ್ಕೊಮ್ಮೆ ರಜೆಗೆ ಬರುವ ಭಟ್ಕಳದ ಮನೆಗಳಲ್ಲಿ, ಆಳಸಮುದ್ರದ ಬೋಟಿಗೆ ಹೋದವನು ದಿನಗಟ್ಟಲೆ ಹೊರಗೇ ಉಳಿಯುವ ಕಾರವಾರ, ಹೊನ್ನಾವರದ ಮೀನುಗಾರರ ಮನೆಗಳಲ್ಲಿ ಹನ್ನೆರಡು ತಿಂಗಳೆಂಬುದು ಕ್ಯಾಲೆಂಡರಿನ ಹನ್ನೆರಡು ತಿಂಗಳಲ್ಲ. ಗರ್ಭ ನಿಲ್ಲಲು ಸಾಧ್ಯವಿರುವುದು ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನಗಳಲ್ಲಿ ಮಾತ್ರ. ಆ ದಿನಗಳಲ್ಲಿ ಜೊತೆಗಿದ್ದ ತಿಂಗಳುಗಳನ್ನಷ್ಟೇ ಎಣಿಸಿ ನೋಡಿದರೆ ಮೂರು ವರ್ಷದ ದಾಂಪತ್ಯದಲ್ಲಿ ಐದಾರು ತಿಂಗಳು ಸಿಕ್ಕಿದರೆ ಹೆಚ್ಚು. ಅಂಥವರಲ್ಲಿ ಕೆಲವರಿಗೆ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ, ದಿನ ಹೊಂದಿಸಿಕೊಂಡು ಜೊತೆಗಿರುವ ಅವಕಾಶ ಸಿಕ್ಕರೆ ಸಾಕಾಗುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧ ಮೀನುಗಾರ ಕುಟುಂಬಗಳಿಗೆ ಈ ಕಾರಣಕ್ಕೂ, ಇಬ್ಬರೂ ಕೂಡಿ ತಪಾಸಣೆ ಮಾಡಿಸಿಕೊಳ್ಳುವುದಕ್ಕೂ ಒಳ್ಳೆಯ ಕಾಲ.

ಯಾವ ಚಿಕಿತ್ಸೆ ಎಂದು ಕೇಳುವ ಮೊದಲು

ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆ ಒಳ್ಳೆಯದೋ, ಅಂಡಾಣು ಮತ್ತು ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಕೂಡಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಐವಿಎಫ್ ಒಳ್ಳೆಯದೋ ಎಂಬ ಪ್ರಶ್ನೆಗೆ ಕಾರಣ ತಿಳಿಯದೆ ಉತ್ತರವಿಲ್ಲ. ಕಾರಣ ತಿಳಿಯಲು ಆರಂಭದಲ್ಲಿ ಬೇಕಾಗುವ ಪರೀಕ್ಷೆಗಳು ಕೆಲವೇ: ಗಂಡನ ವೀರ್ಯ ಪರೀಕ್ಷೆ, ಹೆಂಡತಿಗೆ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನುಗಳ ರಕ್ತಪರೀಕ್ಷೆ, ಅಗತ್ಯವಿದ್ದರೆ ಅಂಡಾಣುಗಳ ಸಂಗ್ರಹವನ್ನು ಅಂದಾಜಿಸುವ ಎಎಂಎಚ್, ಗರ್ಭಕೋಶ ಮತ್ತು ಅಂಡಾಶಯಗಳ ಸ್ಕ್ಯಾನಿಂಗ್, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಂಬ ಎಕ್ಸ್‌ರೇ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಶಿರಸಿ, ಕುಮಟಾದ ಸ್ತ್ರೀರೋಗ ತಜ್ಞರಲ್ಲೋ ಈ ತಪಾಸಣೆಯನ್ನು ಆರಂಭಿಸಬಹುದು, ಅದಕ್ಕಾಗಿ ಮೊದಲ ದಿನವೇ ಮಂಗಳೂರಿನ ಬಸ್ಸು ಹತ್ತಬೇಕಿಲ್ಲ.

ಇವುಗಳಲ್ಲಿ ಎಲ್ಲಕ್ಕಿಂತ ಸುಲಭವಾದ, ಕಡಿಮೆ ಖರ್ಚಿನ, ನೋವಿಲ್ಲದ ಪರೀಕ್ಷೆ ಗಂಡನದು. ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ತಡವಾಗಿ ನಡೆಯುವ ಪರೀಕ್ಷೆಯೂ ಅದೇ. ಮಗುವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ, ಒಂಟಿಯಾಗಿಯೋ ಹೆಣ್ಣಿನ ಕಾರಣದೊಂದಿಗೆ ಸೇರಿಯೋ. ಹೀಗಿದ್ದೂ ಹೆಂಡತಿ ವರ್ಷವಿಡೀ ಮಾತ್ರೆ ನುಂಗಿ, ಸೂಜಿ ಚುಚ್ಚಿಸಿಕೊಂಡು, ಕಷಾಯ ಕುಡಿದು ದಣಿದ ಮೇಲೆ ಗಂಡನ ವರದಿ ತೆಗೆಸಿ, ಅದರಲ್ಲಿ ವೀರ್ಯಾಣುಗಳೇ ಇಲ್ಲವೆಂದು ತಿಳಿದುಬರುವುದು ಅವಳಿಗಾಗುವ ದೊಡ್ಡ ಅನ್ಯಾಯ ಎಂದು ನಾನು ತಿಳಿದಿದ್ದೇನೆ. ಆ ವರದಿ ಬರುವ ತನಕ ಹೆಂಡತಿಗೆ ಯಾವ ಚಿಕಿತ್ಸೆಯನ್ನೂ ಆರಂಭಿಸಬಾರದು.

ಈ ಪರೀಕ್ಷೆಯ ಕ್ರಮದಲ್ಲಿ ಸಣ್ಣ ತಪ್ಪಾದರೂ ವರದಿ ಕೆಡುತ್ತದೆ. ಎರಡರಿಂದ ಏಳು ದಿನ ಸಂಯಮದಿಂದ ಇದ್ದು ಮಾದರಿ ಕೊಡಬೇಕು. ಲ್ಯಾಬಿನವರು ಕೊಟ್ಟ ಅಗಲ ಬಾಯಿಯ ಡಬ್ಬಿಯಲ್ಲೇ ಸಂಗ್ರಹಿಸಬೇಕು, ಮಾಮೂಲಿ ಕಾಂಡೋಮಿನಲ್ಲಿ ಅಲ್ಲ. ಮಾದರಿ ಒಂದು ಗಂಟೆಯೊಳಗೆ ಲ್ಯಾಬ್ ತಲುಪಬೇಕು; ದಾರಿಯಲ್ಲಿ ತಣ್ಣಗಾಗದಂತೆ ಅಂಗಿಯ ಒಳಗೆ ಮೈಗೆ ತಾಗಿಸಿ ಒಯ್ಯಬೇಕೇ ಹೊರತು ಐಸ್ ಡಬ್ಬದಲ್ಲಿ ಇಡಬಾರದು. ಸಿದ್ದಾಪುರದ ಒಳಹಳ್ಳಿಯಿಂದಲೋ ಜೋಯಿಡಾದ ಕಾಡಂಚಿನಿಂದಲೋ ಒಂದು ಗಂಟೆಯಲ್ಲಿ ಪೇಟೆ ಮುಟ್ಟುವುದು ಕಷ್ಟವಾದ್ದರಿಂದ ಲ್ಯಾಬಿನಲ್ಲೇ ಪ್ರತ್ಯೇಕ ಕೋಣೆ ಇದೆಯೇ ಎಂದು ಫೋನು ಮಾಡಿ ಕೇಳಿಕೊಂಡು ಹೋಗುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳ ಅಂಚಿನ ಅಂಕಿಗಳು 1.4 ಮಿಲಿಲೀಟರ್ ಪ್ರಮಾಣ, ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಶೇಕಡಾ 42ರಷ್ಟು ಚಲನೆ. ಇದಕ್ಕಿಂತ ಕಡಿಮೆ ಬಂದರೆ ಮಗುವೇ ಆಗದೆಂದು ಅರ್ಥವಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಿನಷ್ಟು ಕಾಲ ಬೇಕಾಗುವುದರಿಂದ ಒಂದು ಜ್ವರದ ಪರಿಣಾಮ ಕೂಡ ಅದರಲ್ಲಿ ಕಾಣುತ್ತದೆ, ಆದ್ದರಿಂದ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಈ ಏರಿಳಿತವನ್ನು ಮುಂದೆ ಓದುವಾಗಲೂ ನೆನಪಿಡಬೇಕು: ನಡುವೆ ಯಾರು ಏನು ಕೊಟ್ಟಿದ್ದರೂ ಎರಡನೆಯ ವರದಿ ತಾನಾಗಿಯೇ ಸುಧಾರಿಸಿರುವ ಸಾಧ್ಯತೆ ಇರುತ್ತದೆ.

ಅಕ್ಯುಪಂಕ್ಚರ್ ಏನು ಮಾಡಬಲ್ಲದು, ಏನು ಮಾಡಲಾರದು

ಅಕ್ಯುಪಂಕ್ಚರಿನಲ್ಲಿ ಬಳಸುವುದು ಔಷಧಿ ತುಂಬುವ ಇಂಜೆಕ್ಷನ್ ಸೂಜಿಯನ್ನಲ್ಲ, ಅದಕ್ಕಿಂತ ಬಹಳ ತೆಳುವಾದ, ಒಳಗೆ ಟೊಳ್ಳಿಲ್ಲದ ಉಕ್ಕಿನ ಸೂಜಿಯನ್ನು. ಮಗುವಿಗಾಗಿ ಬಂದವರಿಗೆ ಸಾಮಾನ್ಯವಾಗಿ ಕಾಲಿನ ಗಂಟಿನ ಒಳಬದಿಯ ಮೇಲ್ಭಾಗ, ಮೊಣಕಾಲಿನ ಕೆಳಗೆ, ಹೊಕ್ಕುಳ ಕೆಳಗಿನ ಹೊಟ್ಟೆ, ಕಿವಿ, ಹುಬ್ಬುಗಳ ನಡುವೆ ಹೀಗೆ ಹಲವೆಡೆ ಚುಚ್ಚಿ 20ರಿಂದ 30 ನಿಮಿಷ ಮಲಗಿಸುತ್ತಾರೆ. ಚುಚ್ಚಿದ ಕ್ಷಣದ ನೋವು ಇರುವೆ ಕಚ್ಚಿದಷ್ಟೂ ಇರುವುದಿಲ್ಲ. ಸೂಜಿಯನ್ನು ತಿರುವಿದಾಗ ಆ ಜಾಗದಲ್ಲಿ ಭಾರವಾದ, ಜುಮ್ಮೆನ್ನುವ ಅನುಭವ ಬರುತ್ತದೆ. ಹೆಚ್ಚಿನವರು ಮಲಗಿದ್ದಲ್ಲೇ ನಿದ್ದೆ ಹೋಗುತ್ತಾರೆ. ಮನೆಯಲ್ಲಿ ಅರ್ಧ ಗಂಟೆ ಯಾರ ಮಾತೂ ಕೇಳದೆ ಮಲಗುವ ಅವಕಾಶವಿಲ್ಲದ ಹೆಣ್ಣುಮಗಳಿಗೆ ಇದು ಸಣ್ಣ ಲಾಭವಲ್ಲ.

ಬಂಜೆತನಕ್ಕೆ ಇದರಿಂದ ಪ್ರಯೋಜನವಿರಬಹುದೆಂಬ ಆಸೆ ಸುಮ್ಮನೆ ಹುಟ್ಟಿದ್ದಲ್ಲ. 1996ರಲ್ಲಿ ಸ್ವೀಡನ್ನಿನ ಸಂಶೋಧಕರು ಹತ್ತು ಮಹಿಳೆಯರಿಗೆ ವಿದ್ಯುತ್ ಹಾಯಿಸಿದ ಸೂಜಿಗಳಿಂದ ಚಿಕಿತ್ಸೆ ಮಾಡಿ, ಗರ್ಭಕೋಶದ ರಕ್ತನಾಳಗಳಲ್ಲಿ ರಕ್ತದ ಹರಿವು ಸಲೀಸಾದುದನ್ನು ಸ್ಕ್ಯಾನಿನಲ್ಲಿ ಕಂಡರು. 2002ರಲ್ಲಿ ಜರ್ಮನಿಯಲ್ಲಿ ಐವಿಎಫ್ ಮಾಡಿಸಿಕೊಂಡ 160 ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲೂ ನಂತರವೂ 25 ನಿಮಿಷ ಸೂಜಿ ಹಾಕಿಸಿಕೊಂಡವರಲ್ಲಿ ಶೇಕಡಾ 42.5 ಮಂದಿ, ಹಾಕಿಸಿಕೊಳ್ಳದವರಲ್ಲಿ ಶೇಕಡಾ 26.3 ಮಂದಿ ಗರ್ಭಿಣಿಯರಾದರು. ಲೋಕದ ತುಂಬ ಐವಿಎಫ್ ಕೇಂದ್ರಗಳ ಪಕ್ಕದಲ್ಲಿ ಸೂಜಿ ಚಿಕಿತ್ಸೆಯ ಕೋಣೆಗಳು ತೆರೆಯಲು ಈ ಅಧ್ಯಯನ ಬಹುಮಟ್ಟಿಗೆ ಕಾರಣ. ಇಂದಿಗೂ ಚಿಕಿತ್ಸಾಲಯಗಳ ಕರಪತ್ರಗಳಲ್ಲಿ ಬರುವ ದೊಡ್ಡ ಅಂಕಿಗಳ ಹಿಂದೆ ಇಂಥ ಆರಂಭದ ಅಧ್ಯಯನಗಳೇ ಇರುತ್ತವೆ.

ಆದರೆ ಅದರಲ್ಲಿ ಹೋಲಿಸಿದ್ದು ಸೂಜಿ ಹಾಕಿಸಿಕೊಂಡವರನ್ನು ಏನನ್ನೂ ಹಾಕಿಸಿಕೊಳ್ಳದವರೊಂದಿಗೆ. ಯಾರಿಗೆ ಏನು ಸಿಕ್ಕಿತೆಂದು ಎಲ್ಲರಿಗೂ ಗೊತ್ತಿತ್ತು, ಭಾಗವಹಿಸಿದವರ ಸಂಖ್ಯೆಯೂ ಚಿಕ್ಕದು. ಈ ದೋಷ ನೀಗಿಸಲು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 848 ಮಹಿಳೆಯರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧ ಮಂದಿಗೆ ನಿಜವಾದ ಸೂಜಿ, ಉಳಿದವರಿಗೆ ಚರ್ಮವನ್ನು ಮುಟ್ಟಿದೊಡನೆ ತನ್ನ ಹಿಡಿಯೊಳಗೇ ಸರಿಯುವ, ಚುಚ್ಚದ ಸೂಜಿ ಬಳಸಿದರು. ಮಗು ಹುಟ್ಟಿದ್ದು ನಿಜವಾದ ಸೂಜಿಯವರಲ್ಲಿ ಶೇಕಡಾ 18.3, ಚುಚ್ಚದ ಸೂಜಿಯವರಲ್ಲಿ ಶೇಕಡಾ 17.8. ಇಷ್ಟು ಕಡಿಮೆ ಅಂತರ ಆಕಸ್ಮಿಕವಾಗಿಯೇ ಬರಬಹುದಾದದ್ದು. ಅದಕ್ಕೂ ಮೊದಲು, 2013ರಲ್ಲಿ, ಇಪ್ಪತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಪರಿಶೀಲನೆಯೂ ಐವಿಎಫ್ ಜೊತೆ ಸೂಜಿ ಸೇರಿಸಿದರೆ ಹೆಚ್ಚು ಮಕ್ಕಳು ಹುಟ್ಟುತ್ತಾರೆ ಎನ್ನಲು ಆಧಾರವಿಲ್ಲವೆಂದೇ ಹೇಳಿತ್ತು.

ಪಿಸಿಓಡಿ, ಅಂದರೆ ಹಾರ್ಮೋನಿನ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ ಇರುವವರಿಗೆ ಇನ್ನೂ ನೇರವಾಗಿ ಅನ್ವಯಿಸುವ ಪ್ರಯೋಗವೊಂದು ಅಕ್ಯುಪಂಕ್ಚರಿನ ತವರಾದ ಚೀನಾದಲ್ಲೇ ನಡೆದು 2017ರಲ್ಲಿ ಪ್ರಕಟವಾಯಿತು. ಅಲ್ಲಿ ಸಾವಿರ ಮಹಿಳೆಯರನ್ನು ನಾಲ್ಕು ಗುಂಪು ಮಾಡಿದರು. ಅಂಡಾಣು ಬಿಡುಗಡೆಗೆ ಕೊಡುವ ಕ್ಲೊಮಿಫೀನ್ ಮಾತ್ರೆಯ ಜೊತೆ ನಿಜವಾದ ಸೂಜಿ ಹಾಕಿಸಿಕೊಂಡವರಲ್ಲಿ ಶೇಕಡಾ 29.4 ಮಂದಿಗೆ ಮಗುವಾಯಿತು. ಅದೇ ಮಾತ್ರೆಯ ಜೊತೆ ಹೆಸರಿಗಷ್ಟೇ ಮೇಲುಮೇಲೆ ಸೂಜಿ ಹಾಕಿಸಿಕೊಂಡವರಲ್ಲಿ ಶೇಕಡಾ 28. ಔಷಧವಿಲ್ಲದ ಹುಸಿ ಮಾತ್ರೆ ನುಂಗಿ ನಿಜವಾದ ಸೂಜಿ ಹಾಕಿಸಿಕೊಂಡವರಲ್ಲಿ ಶೇಕಡಾ 13.9, ಎರಡೂ ಹುಸಿಯಾಗಿದ್ದವರಲ್ಲಿ ಶೇಕಡಾ 16.8. ಅಂದರೆ ಫಲದಲ್ಲಿ ಅಂತರ ತಂದದ್ದು ಮಾತ್ರೆ. ಆ ಪ್ರಯೋಗದಲ್ಲಿ ವಾರಕ್ಕೆರಡು ಬಾರಿಯಂತೆ ನಾಲ್ಕು ತಿಂಗಳವರೆಗೆ ಸೂಜಿ ಹಾಕುತ್ತಿದ್ದರು. ಯಾಣದ ಕಡೆಯ ಹಳ್ಳಿಯಿಂದ ಒಬ್ಬಳು ಹಾಗೆ ಶಿರಸಿಗೋ ಕುಮಟಾಕ್ಕೋ ಬಂದು ಹೋಗುವುದಾದರೆ ಮೂವತ್ತು ದಿನಗಳ ಕೆಲಸ, ಬಸ್ಸಿನ ಖರ್ಚು, ಅದಕ್ಕೂ ಮಿಗಿಲಾಗಿ ನಾಲ್ಕು ಮುಟ್ಟಿನ ಚಕ್ರಗಳು ಅದರಲ್ಲಿ ಕಳೆಯುತ್ತವೆ.

ಇಷ್ಟರಿಂದ ಸೂಜಿ ಚಿಕಿತ್ಸೆಯೇ ವ್ಯರ್ಥ ಎಂದು ನಾನು ಹೇಳುವುದಿಲ್ಲ. ಐವಿಎಫ್ ನಡೆಯುತ್ತಿರುವಾಗಿನ ಆತಂಕ ಸೂಜಿ ಹಾಕಿಸಿಕೊಂಡವರಲ್ಲಿ ತುಸು ಇಳಿದದ್ದನ್ನು ಕೆಲವು ಚಿಕ್ಕ ಪ್ರಯೋಗಗಳು ಕಂಡಿವೆ. ಸೊಂಟನೋವು, ತಲೆನೋವು ಇದ್ದವರಿಗೆ ಅದರಿಂದ ಉಪಶಮನವೂ ಸಿಗುತ್ತದೆ. ನೆಮ್ಮದಿಗಾಗಿ, ಬೇರೆ ಚಿಕಿತ್ಸೆಯ ಜೊತೆಜೊತೆಗೆ ಮಾಡಿಸಿಕೊಳ್ಳುವವರನ್ನು ತಡೆಯಲು ಕಾರಣವಿಲ್ಲ. ತಡೆಯಬೇಕಾದದ್ದು ಅದನ್ನು ಬೇರೆ ಚಿಕಿತ್ಸೆಯ ಜಾಗದಲ್ಲಿ ಕೂರಿಸಿ ವರ್ಷ ಕಳೆಯುವುದನ್ನು. ಮುಚ್ಚಿಹೋದ ಗರ್ಭನಾಳವನ್ನು ಸೂಜಿ ತೆರೆಯುವುದಿಲ್ಲ. ನಮ್ಮ ದೇಶದಲ್ಲಿ ನಾಳ ಮುಚ್ಚಲು ಒಂದು ಮುಖ್ಯ ಕಾರಣವಾದ ಜನನಾಂಗದ ಕ್ಷಯಕ್ಕೆ ಬೇಕಾದದ್ದು ತಿಂಗಳುಗಟ್ಟಲೆ ತಪ್ಪದೆ ತೆಗೆದುಕೊಳ್ಳುವ ಕ್ಷಯದ ಮಾತ್ರೆ. ವೀರ್ಯಾಣು ಹೊರಬರುವ ನಾಳವೇ ಇಲ್ಲದ ಗಂಡಸಿಗೂ, ಅಂಡಾಣುಗಳ ಸಂಗ್ರಹ ಮುಗಿದುಹೋದ ಹೆಂಗಸಿಗೂ ಅದು ಏನನ್ನೂ ಮಾಡಲಾರದು.

ಮಾತ್ರೆ, ಐಯುಐ, ಐವಿಎಫ್

ಪಿಸಿಓಡಿಯಿಂದ ಅಂಡಾಣು ಬಿಡುಗಡೆಯಾಗದವರಿಗೆ ಇಂದು ಮೊದಲ ಆಯ್ಕೆ ಲೆಟ್ರೊಜೋಲ್ ಮಾತ್ರೆ. 2014ರಲ್ಲಿ ಅಮೆರಿಕದಲ್ಲಿ 750 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಲೆಟ್ರೊಜೋಲ್ ಪಡೆದವರಲ್ಲಿ ಶೇಕಡಾ 27.5, ಹಳೆಯ ಕ್ಲೊಮಿಫೀನ್ ಪಡೆದವರಲ್ಲಿ ಶೇಕಡಾ 19.1 ಮಂದಿಗೆ ಮಗುವಾಯಿತು. ಭಾರತದಲ್ಲಿ ಬಂಜೆತನಕ್ಕೆ ಇದರ ಬಳಕೆಯನ್ನು 2011ರಲ್ಲಿ ನಿಷೇಧಿಸಿ 2017ರಲ್ಲಿ ಆ ನಿಷೇಧವನ್ನು ತೆಗೆದರು. ಹಳೆಯ ಸುದ್ದಿ ಓದಿದವರು ಇಂದಿಗೂ ಹೆದರುವುದುಂಟು, ಹೆದರಬೇಕಿಲ್ಲ. ಮುಟ್ಟಾದ ಎರಡನೆಯ ಅಥವಾ ಮೂರನೆಯ ದಿನದಿಂದ ಐದು ದಿನ ಮಾತ್ರೆ, ಆಮೇಲೆ ಅಂಡಾಣು ಬೆಳೆಯುವುದನ್ನು ನೋಡಲು ಎರಡು ಮೂರು ಸ್ಕ್ಯಾನಿಂಗ್. ಇಷ್ಟನ್ನು ನಮ್ಮ ತಾಲೂಕು ಕೇಂದ್ರಗಳಲ್ಲೇ ಮಾಡಿಸಬಹುದು. ದಪ್ಪ ಇರುವವರು ಮೈತೂಕದಲ್ಲಿ ನೂರಕ್ಕೆ ಐದರಷ್ಟು ಇಳಿಸಿದರೂ ಕೆಲವರಿಗೆ ಮುಟ್ಟು ತಾನಾಗಿಯೇ ಸರಿಹೋಗುತ್ತದೆ.

ಗಂಡನ ವರದಿ ಸ್ವಲ್ಪ ಕಡಿಮೆ ಇದ್ದು ಹೆಂಡತಿಯ ನಾಳ ತೆರೆದಿದ್ದರೆ ಐಯುಐ, ಅಂದರೆ ಶುದ್ಧಗೊಳಿಸಿದ ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವ ವಿಧಾನ. ಒಂದು ಚಕ್ರದಲ್ಲಿ ಫಲ ನೂರಕ್ಕೆ ಹತ್ತರ ಆಸುಪಾಸು. ಮೂರು ನಾಲ್ಕು ಬಾರಿ ಮಾಡಿಯೂ ಆಗದಿದ್ದರೆ ಅದನ್ನೇ ಮುಂದುವರಿಸುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ನಾಳ ಎರಡೂ ಮುಚ್ಚಿದ್ದರೆ, ವೀರ್ಯಾಣು ತೀರ ಕಡಿಮೆ ಇದ್ದರೆ, ವಯಸ್ಸು 38ರ ಹತ್ತಿರವಿದ್ದು ಬೇರೆ ದಾರಿ ಫಲಿಸದಿದ್ದರೆ ಐವಿಎಫ್. ಬ್ರಿಟನ್ನಿನ ಸರ್ಕಾರಿ ನಿಯಂತ್ರಣ ಸಂಸ್ಥೆ 2019ರ ಚಿಕಿತ್ಸೆಗಳ ಲೆಕ್ಕ ಪ್ರಕಟಿಸಿದಾಗ ಸೇರಿಸಿದ ಪ್ರತಿ ಭ್ರೂಣಕ್ಕೆ ಮಗು ಹುಟ್ಟಿದ್ದು 35ರೊಳಗಿನವರಲ್ಲಿ ಶೇಕಡಾ 32, 40ರಿಂದ 42ರವರಲ್ಲಿ ಶೇಕಡಾ 11. ಹೊಸಬರು ಯಾರೇ "ನೂರಕ್ಕೆ ಎಂಬತ್ತು ಗ್ಯಾರಂಟಿ" ಎಂದರೆ ಈ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಒಂದು ಬಾರಿಯ ಖರ್ಚು ಔಷಧಿ ಸೇರಿ ಲಕ್ಷ ರೂಪಾಯಿ ದಾಟುತ್ತದೆ. ಕೆಲವರಲ್ಲಿ ಅಂಡಾಶಯ ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ತೊಂದರೆಯೂ ಬರುತ್ತದೆ. 2021ರ ಕೇಂದ್ರ ಕಾಯ್ದೆಯ ಪ್ರಕಾರ ಐಯುಐ, ಐವಿಎಫ್ ಮಾಡುವ ಪ್ರತಿ ಕೇಂದ್ರವೂ ನೋಂದಣಿಯಾಗಿರಬೇಕು. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸಿನ ಮಿತಿಯಿದೆ. ನೋಂದಣಿ ಪತ್ರ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ, ಕರಾವಳಿಯವರಿಗೆ ಮಣಿಪಾಲ, ಮಂಗಳೂರು ಅಥವಾ ಗೋವಾ ಎಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಐವಿಎಫ್‌ನಲ್ಲಿ ದೂರಕ್ಕಿಂತ ಸಮಯದ ಕಟ್ಟುನಿಟ್ಟು ಮುಖ್ಯ. ಹತ್ತು ಹನ್ನೆರಡು ದಿನ ಇಂಜೆಕ್ಷನ್, ನಡುನಡುವೆ ಸ್ಕ್ಯಾನಿಂಗ್, ಕೊನೆಯ ಇಂಜೆಕ್ಷನ್ ಕೊಟ್ಟ 34ರಿಂದ 36 ಗಂಟೆಯೊಳಗೆ ಅಂಡಾಣು ತೆಗೆಯಲೇಬೇಕು. ತಡವಾದರೆ ಅಂಡಾಣುಗಳು ತಾವಾಗಿಯೇ ಬಿಡುಗಡೆಯಾಗಿ ಆ ಇಡೀ ಪ್ರಯತ್ನ ಕೈತಪ್ಪುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ ಹಲವು ದಿನ ಮುಚ್ಚಿದ್ದನ್ನು ಕಂಡವರಿಗೆ ಮಳೆಗಾಲದಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ. ಮಳೆಗಾಲದಲ್ಲೇ ಮಾಡಿಸುವುದಾದರೆ ಆ ಎರಡು ವಾರ ಆಸ್ಪತ್ರೆಯ ಊರಿನಲ್ಲೇ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಉಳಿಯುವುದು ಕ್ಷೇಮ. ಭ್ರೂಣವನ್ನು ಶೈತ್ಯೀಕರಿಸಿ ಇಟ್ಟು ಮಳೆ ಮುಗಿದ ಮೇಲೆ ಸೇರಿಸುವ ಅವಕಾಶವನ್ನೂ ವೈದ್ಯರಲ್ಲಿ ಕೇಳಬಹುದು. ಭ್ರೂಣ ಸೇರಿಸುವ ದಿನವೇ ಸೂಜಿ ಹಾಕಿಸಿಕೊಳ್ಳಬೇಕೆಂದು ಊರಿಂದೂರಿಗೆ ಓಡುವುದು ಮಾತ್ರ ಖಂಡಿತ ಬೇಡ. ಮೇಲೆ ಹೇಳಿದ ಶೇಕಡಾ 18.3 ಮತ್ತು 17.8ರ ಅಂತರಕ್ಕಾಗಿ ಅಷ್ಟು ದಣಿಯಬಾರದು.

ಆಯುರ್ವೇದ ಮತ್ತು ನಾಟಿ ಔಷಧಿಯ ಮೇಲೆ ನಮ್ಮ ಸೀಮೆಯವರ ನಂಬಿಕೆ ಆಳವಾದದ್ದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಬಂಜೆತನದ ವಿಷಯದಲ್ಲಿ ಅಕ್ಯುಪಂಕ್ಚರಿಗೆ ನಡೆದಷ್ಟು ದೊಡ್ಡ ಪ್ರಯೋಗಗಳು ಅವುಗಳಿಗೆ ನಡೆದಿಲ್ಲ. ಪದವಿ ಪಡೆದ ಆಯುರ್ವೇದ ವೈದ್ಯರಲ್ಲಿಗೆ ಪರೀಕ್ಷೆಯ ವರದಿಗಳೊಂದಿಗೇ ಹೋಗಬೇಕು. ಲೆಟ್ರೊಜೋಲ್ ಅಥವಾ ಹಾರ್ಮೋನು ಇಂಜೆಕ್ಷನ್ ನಡೆಯುತ್ತಿರುವಾಗ ಹೆಸರಿಲ್ಲದ ಪುಡಿಯನ್ನೂ ಭಸ್ಮವನ್ನೂ ಗುಟ್ಟಾಗಿ ತೆಗೆದುಕೊಳ್ಳಬಾರದು.

ಸೂಜಿಯನ್ನು ಆರಿಸಿಕೊಳ್ಳುವವರಿಗೆ

ವಯಸ್ಸು 30ರೊಳಗಿದ್ದು, ಎಲ್ಲ ಪರೀಕ್ಷೆಗಳೂ ಸರಿಯಿದ್ದು, ಮದುವೆಯಾಗಿ ಎರಡು ವರ್ಷವೂ ಆಗದ ದಂಪತಿಗಳಿಗೆ ಇನ್ನೂ ಕೆಲವು ತಿಂಗಳು ಸಹಜವಾಗಿ ಪ್ರಯತ್ನಿಸುವ ಅವಕಾಶವಿದೆ. ಆ ಅವಧಿಯಲ್ಲಿ ಸೂಜಿ ಹಾಕಿಸಿಕೊಂಡರೆ ಕಾಲಹರಣವಾಗುವುದಿಲ್ಲ. ಉಳಿದವರು ಮಾತ್ರೆಯೋ ಐಯುಐಯೋ ಐವಿಎಫೋ ನಡೆಯುತ್ತಿರುವಾಗ ಜೊತೆಗಿಟ್ಟುಕೊಳ್ಳಬಹುದು. ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿಯಲ್ಲಿ ಅಕ್ಯುಪಂಕ್ಚರ್ ಒಂದು ಪಠ್ಯವಿಷಯ. ಉಜಿರೆಯಂಥ ಕಾಲೇಜುಗಳಲ್ಲಿ ಕಲಿತು ಬಂದವರು ಕರಾವಳಿಯಲ್ಲಿ ಇದ್ದಾರೆ. ಕಲ್ಯಾಣಮಂಟಪದಲ್ಲಿ ಮೂರು ದಿನ ಶಿಬಿರ ಮಾಡಿ ಹೋಗುವವರಿಗಿಂತ ಅವರು ಮೇಲು, ಏಕೆಂದರೆ ತೊಂದರೆಯಾದರೆ ಮರುದಿನವೂ ಅಲ್ಲೇ ಸಿಗುತ್ತಾರೆ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು, ಬಳಸಿದ ಸೂಜಿ ಡಬ್ಬಿಗೆ ಬೀಳಬೇಕು. ಮತ್ತೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ ಹರಡುತ್ತದೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಹೃದಯಕ್ಕೆ ಪೇಸ್‌ಮೇಕರ್ ಇರುವವರು ಮೊದಲೇ ತಿಳಿಸಬೇಕು. "ಆಸ್ಪತ್ರೆಯ ಮಾತ್ರೆ ನಿಲ್ಲಿಸಿ ಬನ್ನಿ" ಎನ್ನುವವರ ಬಳಿ, ಇಷ್ಟು ಬಾರಿಗೆ ಗರ್ಭ ನಿಂತೇ ನಿಲ್ಲುತ್ತದೆ ಎಂದು ಮುಂಗಡ ಹಣ ಪಡೆಯುವವರ ಬಳಿ ಹೋಗಬಾರದು. ಆರಂಭದಲ್ಲೇ ಒಂದು ಗಡುವು ಹಾಕಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಮೂರು ತಿಂಗಳು ಸಾಕು, 35 ದಾಟಿದವರಿಗೆ ಸೂಜಿಯೊಂದನ್ನೇ ನೆಚ್ಚಿಕೊಂಡು ಒಂದು ತಿಂಗಳೂ ಬೇಡ.

ಮುಟ್ಟು ತಪ್ಪಿದ ದಿನವೇ ಸೂಜಿ ಹಾಕುವವರಿಗೆ ತಿಳಿಸಬೇಕು, ಏಕೆಂದರೆ ಬಸಿರಿನಲ್ಲಿ ಚುಚ್ಚಬಾರದೆಂದು ಅವರ ಶಾಸ್ತ್ರವೇ ಹೇಳುವ ಬಿಂದುಗಳಿವೆ. ಮನೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ ಎರಡು ಗೆರೆ ಬಂದ ಮೇಲೆ ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ತೀವ್ರ ನೋವು, ಭುಜದ ನೋವು, ತಲೆಸುತ್ತು ಅಥವಾ ರಕ್ತಸ್ರಾವ ಕಂಡರೆ ಗರ್ಭವು ನಾಳದಲ್ಲಿ ನಿಂತಿರಬಹುದು. ಹಿಂದೆ ನಾಳದ ತೊಂದರೆ ಇದ್ದವರಲ್ಲೂ ಐವಿಎಫ್ ಆದವರಲ್ಲೂ ಈ ಅಪಾಯ ಹೆಚ್ಚು. ಅಂಥ ನೋವಿಗೆ ಸೂಜಿಯಾಗಲಿ ಕಷಾಯವಾಗಲಿ ನೋವಿನ ಮಾತ್ರೆಯಾಗಲಿ ಬೇಡ. ರಾತ್ರಿಯಾದರೂ ಬೆಳಗಿಗೆ ಕಾಯದೆ 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆಯ ಮತ್ತು ರಕ್ತ ಕೊಡುವ ವ್ಯವಸ್ಥೆಯಿರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ಎಲ್ಲ ವರದಿಗಳನ್ನೂ ಜೊತೆಗೆ ಒಯ್ಯಬೇಕು.